ಏನೂ ಇಲ್ಲ ಅಂದ ಜಾಗ

"ಹಗೂರ... ಹಗೂರ ಎತ್ರೋ! ತಲಿ ಕಡೆ ನಾ ಹಿಡದೀನಿ. ಕಾಲಿನ ಕಡೆ ಯಾರದೀರಿ?"

ಕಾಲಿನ ಕಡೆ ಯಾರೂ ಇರಲಿಲ್ಲ. ಹೊಸ್ತಿಲ ಮೇಲೆ ಚೀಲ ಹಿಡಿದುಕೊಂಡು ನಿಂತಿದ್ದ ಮಾಯಪ್ಪನ ತೋಳಿಗೆ ಯಾರೋ ಕೈ ಹಾಕಿ ಒಳಗೆ ಎಳೆದುಕೊಂಡರು. ಏನು, ಎತ್ತ ಎಂದು ಕೇಳುವುದರೊಳಗೆ ಅವನ ಕೈಯಲ್ಲಿ ಮಂಚದ ಕಾಲಿತ್ತು. ಮಂಚ ಹೊರಗೆ ಹೋಗಬೇಕಾಗಿತ್ತು. ಮಯ್ಯತ್ತಿಗೆ ಕೊನೆಯ ಸ್ನಾನದ ನೀರು ಹಾಕುವುದಕ್ಕೆ ಆ ಮನೆಯಲ್ಲಿ ಇದ್ದದ್ದು ಅದೊಂದೇ ಕೋಣೆ.

ಹೀಗೆ, ಮಂಚ ಎತ್ತುತ್ತ ಎತ್ತುತ್ತ, ಗೆಳೆಯ ನಾಸೀರಸಾಬ ಹೋಗಿಬಿಟ್ಟಿದ್ದಾನೆ ಎಂಬುದು ಮಾಯಪ್ಪನಿಗೆ ತಿಳಿಯಿತು.

ಓಣಿಗೆ ಕಾಲಿಟ್ಟಾಗಲೇ ಏನೋ ತಪ್ಪಿದೆ ಅನ್ನಿಸಿತ್ತು. ಬೆಳಗಾವಿ ವಡಗಾವಿಯ ಆ ನೇಕಾರರ ಓಣಿಯಲ್ಲಿ ಮಗ್ಗಗಳ ಸದ್ದಿಗೆ ಎದುರಿಗಿದ್ದವರ ಮಾತು ಕೇಳಿಸುವುದಿಲ್ಲ. ಇವತ್ತು ಒಂದು ಮಗ್ಗವೂ ಓಡುತ್ತಿರಲಿಲ್ಲ. ಬೆಳಗಿನ ಆರರ ಬಸ್ಸಿಗೆ ತನ್ನೂರು ಕಣಕುಂಬಿ ಬಿಟ್ಟು ಬಂದ ಅವನ ತಲೆ ತುಂಬ ಬೇರೆಯದೇ ಚಿಂತೆ ಇದ್ದುದರಿಂದ, ಕರೆಂಟು ಹೋಗಿರಬೇಕು ಅಂದುಕೊಂಡು ಸೀದಾ ನಡೆದು ಬಂದಿದ್ದ.

"ಏನ್ ತುಂಬ್ಯಾರ್ರೀ ಇದರಾಗ? ಕಲ್ಲ?" ತಲೆಯ ಕಡೆ ಹಿಡಿದಿದ್ದ ನೇಕಾರ ಮುತ್ತಪ್ಪ ಏದುಸಿರು ಬಿಟ್ಟ. ಮಂಚ ವಾಲಿ ಗಾದಿ ಜಾರಿತು. ಕೆಳಗೆ, ಹಲಗೆಯ ಮೇಲೆ, ಹಳೆಯ ಪತ್ರಿಕೆಗಳ ಕಟ್ಟು, ಅದರ ಮೇಲೆ ಇನ್ನೊಂದು ಕಟ್ಟು, ನಡುನಡುವೆ ಡಾಂಬರ ಗುಳಿಗೆ. ಒಂದರಿಂದ ಒಣಗಿದ ಎಲೆ ಕೆಳಗೆ ಬಿತ್ತು.

"ಕಲ್ಲಲ್ಲೋ ಮುತ್ತಪ್ಪಾ, ಅಡವಿ," ಒಳಗಿನ ಪರದೆಯ ಹಿಂದಿನಿಂದ ನಾಸೀರಸಾಬನ ಹೆಂಡತಿ ಫಕ್ರುನ್ನಿಸಾಳ ದನಿ ಬಂತು. ಅತ್ತು ಅತ್ತು ಒಡೆದ ದನಿ, ಆದರೂ ಖಾರ ಹೋಗಿರಲಿಲ್ಲ. "ನಲವತ್ತ ವರ್ಸ ಆತು, ಅಡವಿ ಮ್ಯಾಲ ಮಲಗಾಕತ್ತೀನಿ. ಹುಲಿ ಒಂದ ಬಂದಿಲ್ಲ, ಅಷ್ಟ."

ಮುತ್ತಪ್ಪ ನಗು ತಡೆದುಕೊಂಡ. ತಡೆದುಕೊಳ್ಳಲಾಗದೆ ಪರದೆಯ ಹಿಂದೆ ಹೆಂಗಸರೇ ಮೊದಲು ನಕ್ಕರು.

ಮಂಚವನ್ನು ಓಣಿಯ ಬದಿಗೆ ಇಟ್ಟು ಮಾಯಪ್ಪ ಅದರ ಪಕ್ಕದಲ್ಲೇ ಕುಸಿದು ಕೂತ. ಮುತ್ತಪ್ಪ ಅವನಿಗೆ ನೀರು ಕೊಟ್ಟು ಹೇಳಿದ: "ನಸುಕಿನ್ಯಾಗ ನಮಾಜಿಗೆ ಎದ್ದಾರ. ಹಿತ್ತಲದಾಗ ಕರಿಬೇವಿನ ಗಿಡಾ ಮುಟ್ಟಿ ನೋಡ್ಯಾರ. 'ಚಿಗತೈತಿ' ಅಂದಾರ. ಕಟ್ಟಿ ಮ್ಯಾಲ ಕುಂತಾರ, ಮುಗೀತು. ಎಪ್ಪತ್ತೈದು ಆಗಿತ್ತರಿ. ಇಂಥಾ ಸಾವು ಯಾರಿಗ್ ಸಿಗತೈತಿ ಹೇಳ್ರಿ? ಹರಕಿ ಹೊತ್ರೂ ಸಿಗಾಂಗಿಲ್ಲ."

ಮಾಯಪ್ಪ ತಲೆಯಾಡಿಸಿದ. ಸಾವು ಒಳ್ಳೆಯದೇ. ಆದರೆ ಒಂದು ದಿನ ತಡೆದು ಬಂದಿದ್ದರೆ ಏನಾಗುತ್ತಿತ್ತು?

ಅವನ ಊರಿನ ಆಚೆ, ಗುಡ್ಡದ ತಗ್ಗಿನಲ್ಲಿ, ಸಾತೇರಿ ದೇವಿಯ ಕಾಡು ಇತ್ತು. ಊರವರ ಬಾಯಲ್ಲಿ ಅದು ದೇವರಾಯಿ. ಅದರೊಳಗೆ ಚಪ್ಪಲಿ ಮೆಟ್ಟಿ ಹೋಗುವಂತಿಲ್ಲ, ಕೊಡಲಿ ಒಯ್ಯುವಂತಿಲ್ಲ, ಬಿದ್ದ ಟೊಂಗೆಯನ್ನಾದರೂ ಮುರಿಯುವಂತಿಲ್ಲ. ನಾಳೆ ಬೆಳಗಾದರೆ ಅಲ್ಲಿ ಮರ ಸವರಿ, ಅಕೇಶಿಯಾ ಸಸಿಗೆ ಗುಂಡಿ ತೋಡುವ ಆಳುಗಳು ಬರುತ್ತಾರೆ. ನೆಡುತೋಪಿನ ಸಾಹೇಬ ಕೆಟ್ಟವನಲ್ಲ, ಎಳೆಯ ವಯಸ್ಸಿನವನು. ಮಾಯಪ್ಪನನ್ನು ಕೂರಿಸಿ ಚಹಾ ಕೊಟ್ಟು ಹಳೆಯ ನಕಾಶೆ ಬಿಡಿಸಿ ತೋರಿಸಿದ್ದ. "ನೋಡ್ರಿ ಅಜ್ಜಾರ, ಇಲ್ಲಿ ಹಳದಿ ಬಣ್ಣ ಐತಿ. ಹಳದಿ ಅಂದ್ರ ಹುಲ್ಲು, ಕುರುಚಲು. ಮಂಜೂರಿ ಇದರ ಮ್ಯಾಲ ಆಗೇತಿ. ಈಗಿರೂ ಗಿಡಾ ಎಲ್ಲಾ ಆಮ್ಯಾಲ ಹುಟ್ಟಿದ್ದು ಅಂತ ಲೆಕ್ಕ. ಮೊದಲಿಂದ ಅಲ್ಲಿ ಅಡವಿ ಇತ್ತು ಅನ್ನಾಕ ಒಂದ ಕಾಗದ ತರ್ರಿ, ನಾ ನಿಲ್ಲಸ್ತೀನಿ. ನಾಳೆ ಸಂಜಿ ಐದೂವರಿ ತನಕಾ ಖಾನಾಪುರದಾಗ ಇರತೀನಿ."

ಆ ನಾಳೆ ಇವತ್ತು. ಕಾಗದ ಇರಲಿಲ್ಲ. ನಕಾಶೆ ಮಾಡಿದಾಗ ಜೊತೆಗಿದ್ದು ಸಾಕ್ಷಿ ಹೇಳಬಲ್ಲವನು ಇದ್ದಾನೆ ಅಂದುಕೊಂಡು ಮಾಯಪ್ಪ ಬಂದಿದ್ದ; ಆ ಸಾಕ್ಷಿ ಈಗ ಒಳಗೆ ಹಲಗೆಯ ಮೇಲೆ ಮಲಗಿತ್ತು. ಇನ್ನೊಂದು ಮಾತನ್ನು ಮಾಯಪ್ಪ ಸಾಹೇಬನಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ನಕಾಶೆಯಲ್ಲಿ ಆ ಹಳದಿ ಬಣ್ಣ ಬಿದ್ದದ್ದೇ ಅವನಿಂದ.

*

ಅರವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ ಬೆಳಗಾವಿಯ ಕಾಲೇಜಿನಿಂದ ಬಾಳಾಸಾಹೇಬ ಎಂಬ ಸಸ್ಯಶಾಸ್ತ್ರದ ಮಾಸ್ತರರು ಕಣಕುಂಬಿಗೆ ಬಂದಿದ್ದರು. ತಾಲೂಕಿನ ಅಡವಿಗಳಲ್ಲಿ ಯಾವುದು ಎಂಥದು, ಮೊದಲು ಏನಿತ್ತು, ಈಗ ಏನಾಗಿದೆ ಎಂಬುದನ್ನೆಲ್ಲ ವಿಂಗಡಿಸಿ ಬಣ್ಣದ ನಕಾಶೆ ಮಾಡುವ ಕೆಲಸ ಅವರದು. ಅವರ ಹಿಂದೆ, ಬೆನ್ನಿಗೆ ಎರಡು ಹಲಗೆ, ಹೆಗಲಿಗೆ ಪತ್ರಿಕೆಗಳ ಹೊರೆ ಹೊತ್ತು ಬಂದವನು ಕಾಲೇಜಿನ ಜವಾನ ನಾಸೀರಸಾಬ. ಮಾಸ್ತರರು ಕೊಯ್ದ ಗಿಡಗಳನ್ನು ಪತ್ರಿಕೆಯ ಮಡಿಕೆಯಲ್ಲಿಟ್ಟು, ಹಲಗೆಗಳ ನಡುವೆ ಬಿಗಿದು, ದಿನವೂ ಪತ್ರಿಕೆ ಬದಲಿಸಿ ಒಣಗಿಸುವುದು ಅವನ ಪಾಲು. ದಾರಿ ತೋರಿಸಲು ಗೊತ್ತಾದವನು ಮಾಯಪ್ಪ. ಆಗ ಅವನಿಗೆ ಮೂವತ್ತೈದು.

ಬಾಳಾಸಾಹೇಬರು ಅಡವಿಗಳಿಗೆ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರು ಬರೆದುಕೊಳ್ಳುತ್ತಿದ್ದರು. ನಾಸೀರಸಾಬನಿಗೆ ಇಂಗ್ಲಿಷು ಬಾರದು. ಅವನು ತನ್ನದೇ ಒಂದು ವಿಂಗಡಣೆ ಮಾಡಿಕೊಂಡಿದ್ದ.

"ಮಳಿ ಬಂತು ಅಂದ್ರ ಅರ್ಧಾ ತಾಸು ನಮ್ಮ ಮ್ಯಾಲ ಹನಿ ಬೀಳೂದಿಲ್ಲ, ಮಳಿ ನಿಂತ ಮ್ಯಾಲ ಒಂದ ತಾಸು ಬೀಳ್ತಾವ. ಇದು ಛತ್ರಿ ಅಡವಿ. ಬ್ಯಾಸಗ್ಯಾಗ ಅಲ್ಲಲ್ಲೆ ಆಕಾಶ ಕಂಡ್ರ ಹರಕ ಛತ್ರಿ. ಪೂರಾ ಎಲಿ ಉದರಿ ಕಾಲಾಗ ಚರಾ ಪರಾ ಅಂದ್ರ ಹಪ್ಪಳ ಅಡವಿ. ಇನ್ನ ನಮ್ಮ ಬೆಳಗಾವಿ ಮೂಡಣ ದಿಕ್ಕಿಗೆ ಹೋದ್ರ ಜಾಲಿ, ಬಾರಿ, ಕಾರಿ. ಅದು ಧೋತರಾ ಹರಿಯೂ ಅಡವಿ."

"ನಾಸೀರ್, ನಿಂದು ನಾಕು ಮಾತಿನಾಗ ಮುಗೀತಲ್ಲೋ," ಮಾಸ್ತರರು ಕೈಯಲ್ಲಿದ್ದ ಪುಸ್ತಕ ನೋಡಿ ಪೇಚಾಡಿದರು. "ನಂದು ನಾಕು ಪಾನು ಆತು."

ನಾಸೀರಸಾಬ ಅಷ್ಟಕ್ಕೇ ಬಿಡಲಿಲ್ಲ. ಬೋಳು ಗುಡ್ಡದ ಮೇಲೆ ಕೂತು ರೊಟ್ಟಿ ತಿನ್ನುವಾಗ, ಅಡವಿಗೂ ವಂಶಾವಳಿ ಇರುತ್ತದೆ ಎಂದು ಹೇಳಿದ. ಈ ಹುಲ್ಲು ಹುಟ್ಟಾ ಹುಲ್ಲಲ್ಲ. ಇದರ ಅಜ್ಜ ಛತ್ರಿ. ಕುಮರಿ ಬೇಸಾಯಕ್ಕೆ ಸುಟ್ಟರು, ಅವನ ಮಗ ಹರಕ ಛತ್ರಿಯಾದ. ರೈಲು ಹಳಿಯ ಕೆಳಗೆ ಹಾಸಲು ಕಡಿದರು, ಮೊಮ್ಮಗ ಹಪ್ಪಳವಾದ. ದನ ಮೇಯಿಸಿದರು, ಬೆಂಕಿ ಹಚ್ಚಿದರು, ಮರಿಮಗ ಬರಿ ಮೈಯಲ್ಲಿ ನಿಂತಿದ್ದಾನೆ. "ಆದ್ರ ಅಜ್ಜ ಎಲ್ಲೋ ಒಂದ ಕಡೆ ಬದಕಿರ್ತಾನ ನೋಡ್ರಿ ಸರ. ಹುಡಿಕಿದ್ರ ಸಿಗ್ತಾನ."

ಆ ಮಾತು ಕೇಳಿ ಮಾಯಪ್ಪ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟ. ಅಜ್ಜ ಎಲ್ಲಿದ್ದಾನೆ ಎಂಬುದು ಅವನಿಗೆ ಗೊತ್ತಿತ್ತು. ಹಿಂದಿನ ವರ್ಷ ಪಕ್ಕದ ಊರಿನ ದೇವರಾಯಿಗೆ ಇಂಥದೇ ಪುಸ್ತಕ ಹಿಡಿದವರು ಬಂದು ಹೋಗಿದ್ದರು. ಅವರ ಬೆನ್ನಿಗೆ ಮರಗಳ ಮೇಲೆ ಬಿಳಿ ಅಂಕಿ ಬಿದ್ದವು. ಅಂಕಿಯ ಬೆನ್ನಿಗೆ ಗುತ್ತಿಗೆದಾರನ ಗರಗಸ ಬಂತು.

ಮರುದಿನ ದಾರಿ ಎರಡಾಗಿ ಒಡೆಯುವ ಕಡೆ ಬಾಳಾಸಾಹೇಬರು ಎಡಕ್ಕೆ ಬೆರಳು ತೋರಿಸಿದರು. "ಆ ಕಡೆ ತಗ್ಗಿನ್ಯಾಗ ಏನೈತಿ?"

"ಏನೂ ಇಲ್ಲರಿ," ಅಂದ ಮಾಯಪ್ಪ. "ಬರೇ ಹುಲ್ಲು, ಕಾರವಿ ಕಂಟಿ. ಮತ್ತ ಉಣ್ಣಿ ಭಾಳ."

ಮಾಸ್ತರರಿಗೆ ಉಣ್ಣಿ ಎಂದರೆ ಮೈಯೆಲ್ಲ ನವೆ. ನಿಂತಲ್ಲೇ ನಕಾಶೆ ಬಿಡಿಸಿ ಆ ತಗ್ಗಿನ ಮೇಲೆ ಹಳದಿ ಪೆನ್ಸಿಲು ಆಡಿಸಿ ಮುಂದೆ ಹೊರಟರು. ನಾಸೀರಸಾಬ ಒಂದು ಗಳಿಗೆ ಅಲ್ಲೇ ನಿಂತ. ಮಾಯಪ್ಪನ ಮುಖ ನೋಡಿದ. ಹೊರೆ ಸರಿಮಾಡಿಕೊಂಡು ಹಿಂದೆ ನಡೆದ.

ಅವತ್ತು ಮಧ್ಯಾಹ್ನ ಮಾಯಪ್ಪನ ಮನೆಯಲ್ಲೇ ಊಟ. ಮೂವತ್ತಮೂರು ವರ್ಷ ಅವರ ಗೆಳೆತನ ಹಾಗೇ ನಡೆಯಿತು. ಬಕ್ರೀದಿಗೆ ಮಾಯಪ್ಪ ವಡಗಾವಿಗೆ, ದೀಪಾವಳಿಗೆ ನಾಸೀರಸಾಬ ಕಣಕುಂಬಿಗೆ. ಆ ತಗ್ಗಿನ ಮಾತು ಮಾತ್ರ ಒಂದು ದಿನವೂ ಬರಲಿಲ್ಲ.

*

ಹನ್ನೊಂದರ ಹೊತ್ತಿಗೆ ಓಣಿಯ ಬಾಯಲ್ಲಿ ಆಟೋ ನಿಂತು ಬಾಳಾಸಾಹೇಬರು ಇಳಿದರು. ಎಪ್ಪತ್ತೆಂಟು ವರ್ಷ, ಕೈಯಲ್ಲಿ ಬೆತ್ತ, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಸತ್ತವರ ಮನೆಗೆ ಭೂತಗನ್ನಡಿ ಯಾಕೆ ಎಂದು ಯಾರೂ ಕೇಳಲಿಲ್ಲ. ಅವರು ಅದನ್ನು ಸ್ನಾನಕ್ಕೂ ತೆಗೆಯುವುದಿಲ್ಲ ಎಂದು ನಾಸೀರಸಾಬ ಓಣಿಗೆಲ್ಲ ಹೇಳಿದ್ದ.

"ಮಾಯಪ್ಪಾ, ನೀ ನನಕಿಂತ ಮೊದಲ ಬಂದಿ?" ಮಂಚದ ತುದಿಗೆ ಕೂತು ಕಣ್ಣೊರೆಸಿಕೊಂಡರು. "ನಿನಗ ಸುದ್ದಿ ಯಾರ ಮುಟ್ಟಿಸಿದ್ರು?"

ನಕಾಶೆ ಮಾಡಿದವರೇ ಎದುರಿಗೆ ಕೂತಿದ್ದರು. ನಿಮ್ಮ ನಕಾಶೆ ಸುಳ್ಳು, ಸುಳ್ಳು ಮಾಡಿಸಿದವನು ನಾನು ಎಂದರೆ ಸಾಕು. ಅವರ ಒಂದು ಸಹಿಗೆ ಇವತ್ತೇ ಕೆಲಸವಾದೀತು. ಆಗದೆಯೂ ಹೋದೀತು. ಆ ನಕಾಶೆಯ ಮೇಲೆ ಅವರು ಎಷ್ಟು ಮಂದಿ ಹುಡುಗರಿಗೆ ಪಾಠ ಹೇಳಿದ್ದಾರೋ! "ಹಂಗ... ಬಂದ್ನಿರಿ," ಅಂದ ಮಾಯಪ್ಪ.

ಮಯ್ಯತ್ತಿಗೆ ಸ್ನಾನವಾಯಿತು, ಬಿಳಿ ಬಟ್ಟೆಯಾಯಿತು. ಜನಾಜಾವನ್ನು ಮನೆಯ ಮುಂದಿಟ್ಟು ಮುಖ ತೆರೆದರು. ಓಣಿಯ ಮಂದಿ ಸುತ್ತ ನಿಂತರು. ಮಗ ಉಜೈರ ಕೈಕಟ್ಟಿಕೊಂಡು ಮುಂದೆ ಬಂದ. ಮಗ್ಗ ರಿಪೇರಿ ಮಾಡುವವನು, ಮಾತು ಕಡಿಮೆ.

"ನಮ್ಮ ಅಬ್ಬಾ ಯಾರದರ ಮನಸ ನೋಯಿಸಿದ್ರ, ಯಾರಿಗರ ತ್ರಾಸ ಕೊಟ್ಟಿದ್ರ, ಅಲ್ಲಾಹನ ವಾಸ್ತೆ ಮಾಫ್ ಮಾಡ್ರಿ."

ಇಂಥ ಹೊತ್ತಿನಲ್ಲಿ ಎಲ್ಲರೂ 'ಮಾಫ್, ಮಾಫ್' ಎಂದು ಗೊಣಗಿ ಮುಂದಿನ ಕೆಲಸಕ್ಕೆ ಹೋಗುವುದು ರೂಢಿ. ಎದುರು ಮನೆಯ ಸಾವಂತ್ರವ್ವ ಮಾತ್ರ ಸೊಂಟಕ್ಕೆ ಸೆರಗು ಸಿಗಿಸಿ ನಿಂತಿದ್ದಳು.

"ಮಾಫ್ ಮಾಡೀನಪಾ. ಆದ್ರ ಒಂದ ಮಾತು. ನನ್ನ ದುಂಡಮಲ್ಲಿಗಿ ಬೇರ ಸಮೇತ ಕಿತಗೊಂಡ ಹೋಗಿ ಪೇಪರಿನ್ಯಾಗ ಇಟ್ಟಾನ. ಹೂ ಒಯ್ಯಿ, ಎಲಿ ಒಯ್ಯಿ. ಬೇರ ಯಾಕ ಬೇಕಾಗಿತ್ತು ಆ ಮನಿಷಾಗ?"

"ಬೇರ ಬೇಕಾಗ್ತದವ್ವಾ," ಬಾಳಾಸಾಹೇಬರು ತಡೆಯಲಾರದೆ ಅಂದರು. "ಬೇರ ಇಲ್ಲದ್ದು ಅರ್ಧಾ ದಾಖಲಿ."

"ನೀವ ಕಲಿಸಿದ್ದೇನು ಇದನ್ನ? ಹಂಗಾರ ನೀವೂ ಮಾಫಿ ಕೇಳ್ರಿ."

ಯಾರೋ ಕಿಸಕ್ಕನೆ ನಕ್ಕರು. ಮೂಲೆಯ ಚಹಾದಂಗಡಿಯ ಕಲ್ಲಯ್ಯನಿಗೆ ಧೈರ್ಯ ಬಂತು. "ನಂದೂ ಅದರಿ. ಮೂವತ್ತ ವರ್ಸ ನನ್ನ ಅಂಗಡಿ ಪೇಪರ್ ಒಯ್ದಾನ. ಗಿರಾಕಿ ಓದಾಕತ್ತಿರಬೇಕು, 'ಮುಗೀತಿಲ್ಲೋ, ನನ್ನ ಗಿಡಾ ಕೊಳ್ಯಾಕತ್ತಾವ' ಅಂತ ಕೈಯಾಗಿಂದ ಕಸಗೋಬೇಕು! ಒಂದ ಚುನಾವಣ್ಯಾಗ ಯಾರ ಆರಿಸಿ ಬಂದ್ರು ಅಂತ ನನಗಿನ್ನೂ ಗೊತ್ತಿಲ್ಲ."

ಈಗ ಎಲ್ಲರೂ ನಕ್ಕರು. ಮೌಲವಿಗಳು ಕೆಮ್ಮಿ, ಹೀಗೆ ನಗಬಾರದು ಎಂದು ಕೈಯೆತ್ತಿದರು. ಎತ್ತಿದ ಕೈಯನ್ನು ಗಡ್ಡಕ್ಕೆ ಒಯ್ದು, "ಮಸೂತಿ ಗ್ವಾಡಿ ಸಂದ್ಯಾಗ ಒಂದ ಸೊಪ್ಪು ಬೆಳದಿತ್ತು," ಎಂದರು. "ನಾ ಕಿತ್ತ ಒಗದೆ. ಎಂಟ ದಿನಾ ನನ್ನ ಕೂಡ ಮಾತ ಬಿಟ್ಟಿದ್ದ. ನಾನೂ ಮಾಫ್ ಮಾಡೀನಿ."

ಉಜೈರನ ಮುಖದಲ್ಲಿ ಅಳುವೂ ನಗುವೂ ಒಟ್ಟಿಗೇ ಬಂದವು. "ಇನ್ನ ಯಾರರ?" ಎಂದ.

ಮಾಯಪ್ಪನಿಗೆ ತಾನು ಎದ್ದು ನಿಂತದ್ದು ತಿಳಿಯಲೇ ಇಲ್ಲ. "ಮಾಫಿ ನೀ ಕೇಳೂದಲ್ಲಪಾ. ನಾ ಕೇಳಬೇಕು. ಈ ಸಾಬಗ... ಮತ್ತ ಈ ಸರಗ."

ಹೇಳಿದ. ದಾರಿ ಒಡೆಯುವ ಕಡೆ ತಾನು ಆಡಿದ ಸುಳ್ಳು, ಹಳದಿ ಬಣ್ಣ, ನಾಳೆ ಬರುವ ಆಳುಗಳು, ಸಂಜೆ ಐದೂವರೆ. ಒಂದನ್ನೂ ಬಿಡಲಿಲ್ಲ.

ಬಾಳಾಸಾಹೇಬರು ಬೆತ್ತದ ಹಿಡಿಕೆಯನ್ನೇ ನೋಡುತ್ತ ಕೂತರು. ಕಿವಿ ಕೆಂಪಾಗಿದ್ದವು. "ಮೂವತ್ತಮೂರು ವರ್ಷ," ಅಂದರು ಕೊನೆಗೆ. "ನೌಕರಿ ಮುಗಿಯೂ ತನಕಾ ಆ ಪಾಠ ಹೇಳೀನಲ್ಲೋ ಪುಣ್ಯಾತ್ಮಾ. ಈ ಗುಡ್ಡದ ಸಾಲಿನ್ಯಾಗ ಹಳೇ ಅಡವಿ ಪೂರಾ ಅಳದು ಹೋಗೇದ ಅಂತ. ಪರೀಕ್ಷಾದಾಗ ಹಂಗ ಬರೀಲಿಲ್ಲ ಅಂತ ಹುಡುಗರನ್ನ ನಪಾಸು ಮಾಡೀನಿ."

"ಜೋಡಲೇ ಹೊಡೀರಿ ಸರ. ಆದ್ರ ಒಂದ ಕಾಗದ ಬರಕೊಡ್ರಿ."

"ಏನಂತ ಬರೀಲಿ? ನಾ ಆ ಅಡವಿ ಕಣ್ಣಿಲೆ ಕಂಡಿಲ್ಲ. ಕಾಣದ್ದಕ್ಕ ಒಂದ್ ಸಲ ಸಹಿ ಹಾಕಿದ್ದಕ್ಕ ಇಷ್ಟೆಲ್ಲಾ ಆತು. ಎರಡನೇ ಸಲ ಹಾಕಲೇನು?"

ಅಷ್ಟರಲ್ಲಿ ಪರದೆಯ ಹಿಂದಿನಿಂದ ಫಕ್ರುನ್ನಿಸಾ ಗಂಟಲು ಸರಿಮಾಡಿಕೊಂಡಳು.

"ಮಾಯಪ್ಪ ಭಾವು, ನಿಂದೇನ್ ದೊಡ್ಡ ಗುಟ್ಟು? ನಮ್ಮ ಮನಿಯವರಿಗೆ ಅವತ್ತ ಗೊತ್ತಿತ್ತು."

"ಏನಂದೀ ಭಾಭಿ?"

"ಅವತ್ತ ನಿನ್ನ ಹೇಂತಿ ಸಂಗವ್ವ ಊಟಕ್ಕ ಮುರುಗಲ ಹಣ್ಣಿನ ಶರಬತ್ತ ಮಾಡಿದ್ಳಂತ. ತಾಟಿನ ತುಂಬ ಹಸೀ ಹಣ್ಣು, ಒಂದರದು ತೊಟ್ಟಿಗೆ ಎಲಿ ಇನ್ನೂ ಅಂಟಕೊಂಡಿತ್ತಂತ. ಮನಿಗೆ ಬಂದು ನಗೂದ ನಗೂದು. 'ಬೇಗಂ, ನಾಕು ಹರದಾರಿ ಹುಲ್ಲ ಬಿಟ್ರ ಏನೂ ಇಲ್ಲ ಅಂತಾನ ಆಂವ. ಹಂಗಾರ ಹುಲ್ಲಿನ ಮ್ಯಾಲ ಮುರುಗಲ ಬಿಟ್ಟಿತ್ತೇನು? ಸರ ಎರಡ ಗ್ಲಾಸ ಕುಡದ್ರು, ಒಂದ್ ಮಾತ ಕೇಳಲಿಲ್ಲ!' ಅಂತ."

ಓಣಿಯ ನಗು ಬಾಳಾಸಾಹೇಬರ ಮೇಲೆ ಹೊರಳಿತು. ಅವರು ಬೆತ್ತದಿಂದ ತಮ್ಮ ಹಣೆಯನ್ನು ಮೆಲ್ಲಗೆ ಕುಟ್ಟಿಕೊಂಡರು. "ಮೂರ ಗ್ಲಾಸು," ಅಂದರು. "ಮೂರ ಕುಡದಿದ್ದೆ."

"ಮರು ವರ್ಸ ಹಲಸಿ ಊರಿಗೆ ಮದಿವಿಗೆ ಹೋಗತೀನಿ ಅಂತ ಹೋದ್ರು. ಮದಿವ್ಯಾಗ ಯಾರೂ ಕಂಡಿಲ್ಲ. ನಾಕು ದಿನಕ್ಕ ಬಂದ್ರು, ಹೆಗಲ ಮ್ಯಾಲ ಇಷ್ಟುದ್ದ ಗಂಟು. 'ಇದನ್ನ ಕಾಲೇಜಿಗೆ ಕೊಡಂಗಿಲ್ಲ, ಮಾಯಪ್ಪ ಬಾಯಿ ಬಿಡೂ ತನಕಾ ನಮ್ಮ ಹಂತೇಕನ ಇರಲಿ' ಅಂದ್ರು. ಎಲ್ಲಾಕ್ಕಿಂತ ಕೆಳಗ ಐತಿ ನೋಡ್ರಿ. ಅದರ ಮ್ಯಾಲೇ ನಾ ಈ ಎರಡೂ ಮಕ್ಕಳನ್ನ ಹಡದೀನಿ, ಮತ್ತ ನನಗ ಗೊತ್ತಿರಲಿಕ್ಕಿಲ್ಲೇನು?"

"ಅಮ್ಮೀ!" ಮಗಳು ಆಯೆಷಾ ಒಳಗಿಂದ ಗದರಿದಳು. "ಅರವತ್ತೆಂಟರಾಗ ನನಗ ಎಂಟ ವರ್ಸ. ಮ್ಯಾಲ ಹಡದಿಲ್ಲ, ಸುಳ್ಳ ಹೇಳಬ್ಯಾಡ."

"ಮಲಗೀನಿ ಅಂತರ ಹೇಳಲೇನು?"

ಆಯೆಷಾ ಖಾನಾಪುರದ ಸಾಲಿಯಲ್ಲಿ ವಿಜ್ಞಾನ ಕಲಿಸುವ ಬಾಯಾರು. ತಲೆಯ ಮೇಲಿನ ದುಪಟ್ಟಾ ಬಿಗಿ ಮಾಡಿಕೊಂಡು ಹೊರಗೆ ಬಂದು ಮಂಚದ ಬಳಿ ಮಂಡಿಯೂರಿದಳು. ಚಿಕ್ಕವಳಿದ್ದಾಗ ಈ ಕಟ್ಟುಗಳ ಪತ್ರಿಕೆ ಬದಲಿಸುತ್ತಿದ್ದವಳು ಅವಳೇ. ಮೇಲಿನವನ್ನು ಒಂದೊಂದಾಗಿ ಎತ್ತಿ ಮುತ್ತಪ್ಪನ ಕೈಗೆ ಕೊಟ್ಟಳು. ಎಲ್ಲವೂ ಒಂದು ಮೊಳದವು. ತಳದಲ್ಲಿ, ಮಗ್ಗದ ಎರಡು ತೆಳು ಹಲಗೆಗಳ ನಡುವೆ, ಮಂಚದ ಉದ್ದಕ್ಕೂ ಚಾಚಿಕೊಂಡು ಒಂದೇ ಒಂದು ಕಟ್ಟಿತ್ತು.

"ಇಷ್ಟುದ್ದ?" ಬಾಳಾಸಾಹೇಬರು ಬಗ್ಗಿದರು. "ಉದ್ದಾಗಿದ್ರ ಮುರದು ಮಡಿಚಿ ಇಡಬೇಕು ಅಂತ ನಾನ ಕಲಿಸೀನಿ ಅವಗ."

ಆಯೆಷಾ ದಾರ ಬಿಚ್ಚಿದಳು. ಪತ್ರಿಕೆಗೆ ಪತ್ರಿಕೆ ಅಂಟಿಸಿ ಮಾಡಿದ ಉದ್ದನೆಯ ಮಡಿಕೆ. ಒಳಗೆ ಆಳುದ್ದದ ಟೊಂಗೆ, ಎಲೆ, ಕಾಯಿ, ಎಲ್ಲವೂ ಕಂದಾಗಿ, ಚಪ್ಪಟೆಯಾಗಿ, ಇದ್ದ ಹಾಗೇ ಇದ್ದವು. ಹಳೆಯ ಹುಣಸೆಯಂಥ ವಾಸನೆ ಓಣಿಗೆ ಬಂತು. ಒಂದು ಟೊಂಗೆ, ಎರಡು, ಐದು.

ಬಾಳಾಸಾಹೇಬರು ಭೂತಗನ್ನಡಿ ಹಿಡಿದು ಮಂಚದ ಮೇಲೆ ಬೋರಲಾದರು. "ಮುರುಗಲು... ಅಂಜನಿ... ಇದು ಸುರಂಗಿ. ಇದು? ಅಯ್ಯೋ, ಕಾಡು ಜಾಯಿಕಾಯಿ! ಇದು ಕುರುಚಲಿನ್ಯಾಗ ಹುಟ್ಟೂದ ಅಲ್ಲ. ನೂರ ವರ್ಷದ ನೆರಳ ಬೇಕು ಇದಕ್ಕ." ಟೊಂಗೆಯ ಬುಡ ನೋಡಿದರು. ಬಹಳ ಹೊತ್ತು ನೋಡಿದರು. "ಚಾಕು ಮುಟ್ಟಿಲ್ಲ. ಗಾಳಿಗೆ ಬಿದ್ದದ್ದನ್ನ ಆರಿಸ್ಯಾನ. ಆರಿಸಿದ್ದನ್ನೂ ಮುರದಿಲ್ಲ."

ಮಾಯಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡ. ಬಿದ್ದ ಟೊಂಗೆಯನ್ನಾದರೂ ಮುರಿಯಬಾರದು ಎಂಬ ದೇವಿಯ ಕಟ್ಟಳೆಯನ್ನು ಅವನು ನಾಸೀರಸಾಬನಿಗೆ ಯಾವತ್ತೂ ಹೇಳಿರಲಿಲ್ಲ. ಹೇಗೆ ಹೇಳಿಯಾನು? ಇಲ್ಲದ ಕಾಡಿಗೆ ಕಟ್ಟಳೆ ಎಲ್ಲಿಯದು! ದನ ಕಾಯುವ ಯಾರನ್ನೋ ಕೇಳಿ ತಿಳಿದುಕೊಂಡಿದ್ದಿರಬೇಕು.

ಮಡಿಕೆಯ ಬಲ ಮೂಲೆಯಲ್ಲಿ ಒಂದು ಚೀಟಿ ಅಂಟಿಸಿತ್ತು. ಸಾಲಿ ಹುಡುಗರ ಹಾಗೆ ಗುಂಡಗುಂಡಗಿನ ಕನ್ನಡ ಅಕ್ಷರ. ಆಯೆಷಾ ಗಟ್ಟಿಯಾಗಿ ಓದಿದಳು.

"ಜಾತಿ: ಛತ್ರಿ ಅಡವಿ. ಕೂಡಿಸಿದವ: ನಾಸೀರ. ಸ್ಥಳ: ಕಣಕುಂಬಿ ಆಚೆ, ಮಾಯಪ್ಪ ಏನೂ ಇಲ್ಲ ಅಂದ ಜಾಗ."

ಮೊದಲು ಮುತ್ತಪ್ಪ ನಕ್ಕ, ಆಮೇಲೆ ಮೌಲವಿಗಳು, ಆಮೇಲೆ ಪರದೆಯ ಹಿಂದಿನವರು. ಮಾಯಪ್ಪ ನಗುತ್ತ ನಗುತ್ತಲೇ ಜನಾಜಾದ ಪಕ್ಕ ಕೂತುಬಿಟ್ಟ. "ಏ ಸಾಬಾ," ಅಂದ ಮುಚ್ಚಿದ ಕಣ್ಣುಗಳಿಗೆ, "ಗೊತ್ತಿದ್ದೂ ಮೂವತ್ತಮೂರ ದೀಪಾವಳಿ ನಮ್ಮ ಮನಿ ಕರಜಿಕಾಯಿ ತಿಂದೆಲ್ಲೋ! ಒಂದ ಸಲಾನರ ಬೈಬಾರದೇನು?"

ಕಲ್ಲಯ್ಯ ಬಗ್ಗಿ ಪತ್ರಿಕೆಯ ಮೇಲೆ ಬೆರಳಿಟ್ಟ. "ಇಲ್ಲಿ ನೋಡ್ರಿ, ತಾರೀಖು. ಅರವತ್ತೆಂಟು, ಮೇ ತಿಂಗಳ. ಮತ್ತ ಈ ಗುಂಡಾನ ಕಲಿ ಐತೆಲ್ಲ, ನಮ್ಮಪ್ಪನ ಅಂಗಡಿ ಚಾದ ಕಪ್ಪಿಂದು. ಬೇಕಾರ ನಾ ಸಾಕ್ಷಿ ಬರತೀನಿ."

"ಪೇಪರ್ ತಾರೀಖ ಸಾಕು," ಬಾಳಾಸಾಹೇಬರು ನೆಟ್ಟಗಾದರು. ಹತ್ತು ವರ್ಷ ಹಿಂದಕ್ಕೆ ಹೋದವರ ಹಾಗೆ ಕಾಣುತ್ತಿದ್ದರು. "ಮೂವತ್ತೆರಡ ವರ್ಷದ ಹಿಂದ ಈ ಗಿಡಾ ಅಲ್ಲಿದ್ದವು, ಆಗಲೇ ಮುದುಕ ಇದ್ದವು. ಈಗ ನಾ ಕಂಡದ್ದಕ್ಕ ಸಹಿ ಹಾಕ್ತೀನಿ. ನಕಾಶೆ ತಪ್ಪು ಅದ, ತಪ್ಪು ನಂದು ಅಂತ ಬರೀತೀನಿ. ಆದ್ರ ಮಾಯಪ್ಪಾ, ದಾರಿ ತೋರಿಸಿದಾವ ಸುಳ್ಳ ಹೇಳಿದ ಅಂತನೂ ಬರೀಬೇಕಾಗ್ತದ. ನಿನ್ನ ಹೆಸರ ಕಚೇರಿ ಕಡತದಾಗ ಉಳೀತದ."

"ದಪ್ಪಗ ಬರೀರಿ ಸರ," ಅಂದ ಮಾಯಪ್ಪ. "ನಮ್ಮ ಮುತ್ಯಾನ ಹೆಸರೂ ಹಾಕ್ರಿ, ಗುರ್ತ ಸಿಗ್ಲಿ."

ಮಧ್ಯಾಹ್ನದ ಜೋಹರ್ ನಮಾಜಿನ ನಂತರ ಜನಾಜಾ ಎತ್ತಿದರು. ಹೆಗಲಿನಿಂದ ಹೆಗಲಿಗೆ, ನಾಲ್ಕು ಹೆಜ್ಜೆಗೊಬ್ಬರಂತೆ. ಮುತ್ತಪ್ಪ ಕೊಟ್ಟ, ಕಲ್ಲಯ್ಯ ಕೊಟ್ಟ, ಮಾಯಪ್ಪ ಎರಡು ಸಲ ಕೊಟ್ಟ. ಬಾಳಾಸಾಹೇಬರ ಹೆಗಲು ಎಟುಕಲಿಲ್ಲ. ಅವರು ಬೆತ್ತ ಎತ್ತಿ ಅದರ ತುದಿಯನ್ನು ಜನಾಜಾಕ್ಕೆ ತಾಗಿಸಿಕೊಂಡು ನಡೆದರು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿದರು. ಗೋರಿಯ ಬದಿಯಲ್ಲಿ ಹಳದಿ ಹೂವಿನ ಸಣ್ಣ ಕಳೆಯೊಂದಿತ್ತು. ಗುದ್ದಲಿಯವನು ಅದನ್ನು ಕೀಳಲು ಹೋದಾಗ ಮೌಲವಿಗಳೇ, "ಇರಲಿ ಬಿಡೋ, ಮತ್ತ ಮಾತ ಬಿಟ್ಟಾನು," ಎಂದರು.

ಮನೆಗೆ ಮರಳಿದಾಗ ಮೂರು ಗಂಟೆ ದಾಟಿತ್ತು. ಆಯೆಷಾ ಉದ್ದನೆಯ ಕಟ್ಟನ್ನು ಹಲಗೆಗಳ ನಡುವೆ ಮತ್ತೆ ಬಿಗಿದು, ಬಿಳಿ ಬಟ್ಟೆ ಸುತ್ತಿ ಇಟ್ಟಿದ್ದಳು. ಬಾಳಾಸಾಹೇಬರ ಕಾಗದ ಮೇಲೆ ಸಿಗಿಸಿತ್ತು. ಮಾಯಪ್ಪ ಪರದೆಯ ಮುಂದೆ ತಲೆ ಬಾಗಿಸಿ ನಿಂತ.

"ಒಯ್ಯೋ ಭಾವು," ಅಂದಳು ಫಕ್ರುನ್ನಿಸಾ. "ಇವತ್ತಿಂದ ಮಂಚ ನಾಕು ಬೆರಳ ಕೆಳಗ ಇಳೀತದ. ರೂಢಿ ಆಗಾಕ ದಿನಾ ಬೇಕು, ಅಷ್ಟ." ಪರದೆಯ ಅಂಚು ಸ್ವಲ್ಪ ಸರಿಯಿತು. "ಹಗೂರ ಒಯ್ಯಿ. ಮಳಿ ಹಿಡದ್ರ ನಿನ್ನ ಮ್ಯಾಲ ಛತ್ರಿ ಬ್ಯಾಡ, ಅದರ ಮ್ಯಾಲ ಹಿಡಿ."

ಬಸ್ ನಿಲ್ದಾಣದಲ್ಲಿ ಖಾನಾಪುರದ ಬಸ್ಸಿನ ಕಂಡಕ್ಟರ್ ಸಾಮಾನು ನೋಡಿ ಹೌಹಾರಿದ. "ಮ್ಯಾಲ ಹಾಕ್ರಿ, ಒಳಗ ಜಾಗಾ ಇಲ್ಲ."

"ಮಡಿಚಬಾರದು, ಒತ್ತಬಾರದು, ಅಲಗಾಡಬಾರದು," ಜೊತೆಗೆ ಹೊರಟಿದ್ದ ಬಾಳಾಸಾಹೇಬರು ಪಾಠ ಒಪ್ಪಿಸಿದರು.

"ಏನ್ ಕೂಸೈತೇನ್ರೀ ಇದರಾಗ?"

"ಕೂಸಲ್ಲ. ಅಜ್ಜ ಅದಾನ," ಅಂದ ಮಾಯಪ್ಪ.

ಕಂಡಕ್ಟರ್ ಬಿಳಿ ಬಟ್ಟೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಇನ್ನು ಬಿಡಿಸಿ ಹೇಳದೆ ಗತಿ ಇರಲಿಲ್ಲ. ಮಾಯಪ್ಪ ಬಾಗಿಲಲ್ಲೇ ನಿಂತು, ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದ. ಹೇಳಿ ಮುಗಿಯುವುದರೊಳಗೆ ಹಿಂದಿನ ಉದ್ದ ಸೀಟಿನಲ್ಲಿದ್ದವರು ಕಾಲು ಜೋಡಿಸಿ ಕೂತಿದ್ದರು. ರಜೆಗೆ ಊರಿಗೆ ಹೊರಟ ಸಿಪಾಯಿ ತನ್ನ ಟ್ರಂಕನ್ನು ಸೀಟಿನ ಕೆಳಗೆ ದೂಡಿದ. ಮಾವಿನ ಬುಟ್ಟಿ ಇಟ್ಟುಕೊಂಡಿದ್ದ ಹೆಂಗಸು ಅದನ್ನು ದಾರಿಯಲ್ಲಿಟ್ಟು ತೊಡೆ ಖಾಲಿ ಮಾಡಿಕೊಂಡಳು. ಹೊಸ ಬಳೆ ತುಂಬ ತೊಟ್ಟ ಮದುವಣಗಿತ್ತಿ ಗಂಡನ ಮುಖ ನೋಡಿ, ಕೈ ಚಾಚಿದಳು. ಕಟ್ಟು ಅಡ್ಡಡ್ಡ ಬಂದು ಎಲ್ಲರ ಮೊಣಕಾಲುಗಳ ಮೇಲೆ ಕೂತಿತು. ಒಂದು ತುದಿಗೆ ಮಾಯಪ್ಪ, ಇನ್ನೊಂದು ತುದಿಗೆ ಬಾಳಾಸಾಹೇಬರು.

ಪೀರನವಾಡಿ ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಮೊದಲ ತಗ್ಗಿಗೆ ಬಸ್ಸು ಧಡಕ್ಕೆಂದಾಗ ಎಲ್ಲರೂ ಉಸಿರು ಹಿಡಿದರು. ಎರಡನೆಯದಕ್ಕೆ ಸಿಪಾಯಿ, "ಏಕ್, ದೋ," ಎಂದ. ಮೂರನೆಯದಕ್ಕೆ ಯಾರೂ ಹೇಳಬೇಕಾಗಲಿಲ್ಲ. ತಗ್ಗು ಕಂಡೊಡನೆ ಹನ್ನೆರಡು ಕೈಗಳು ಒಟ್ಟಿಗೆ ಮೇಲಕ್ಕೆ ಎದ್ದವು. ಮಂದಿಯೂ ಸೀಟೂ ಬುಟ್ಟಿಯೂ ಕುಲುಕಿ ಹಾರಿ ಬೀಳುವಾಗ ಬಿಳಿ ಕಟ್ಟು ಒಂದೇ ಒಂದು ಎಲೆ ಅಲುಗದ ಹಾಗೆ ಗೇಣೆತ್ತರ ಗಾಳಿಯಲ್ಲಿ ನಿಂತು, ಬಸ್ಸು ಸಮವಾದ ಮೇಲೆ ಮೆಲ್ಲಗೆ ಮೊಣಕಾಲುಗಳ ಮೇಲೆ ಇಳಿಯಿತು.